ಕಾಡುಹೊಗೆಸೊಪ್ಪು: ನಾಮವಿಚಾರ

ಬಾಬಾಬುಡನಗಿರಿಯೇ ಮೊದಲಾದ ಸಹ್ಯಾದ್ರಿಯ ಎತ್ತರದ ಹುಲ್ಲುಗಾವಲುಗಳ ಅಂಚಿನಲ್ಲಿ ವಿರಳವಾಗಿ, ಆಳೆತ್ತರವನ್ನೂ ಮೀರಿ ಬೆಳೆದು ಬಿಳಿಯ ಹೂಗೊಂಚಲನ್ನು ತಳೆಯುವ ಗಿಡವೊಂದನ್ನು ನಮ್ಮ ಜನರು ಕಾಡುಹೊಗೆಸೊಪ್ಪೆಂದು ಕರೆಯುವರು. ಎಲೆಯ ಆಕಾರದಲ್ಲಿಯೂ ಖಾರದಲ್ಲಿಯೂ ಸಾಮ್ಯವುಂಟಾದರೂ ಇದು ಹೊಗೆಸೊಪ್ಪಿನ ಕುಲದ್ದಲ್ಲ. ಸಸ್ಯಶಾಸ್ತ್ರಜ್ಞರು ಇದಕ್ಕೆ ಲೊಬೀಲಿಯ ನಿಕೋಟಿಯಾನಿಫೋಲಿಯ ಎಂದು ಹೆಸರಿಟ್ಟಿರುವರು.

ಕನ್ನಡದ ಈ ಹೆಸರು ಬಹು ಪ್ರಾಚೀನವಾಗಿರಲಾರದು. ಹೊಗೆಸೊಪ್ಪು ಅಮೆರಿಕಾ ಖಂಡದಿಂದ ಪೋರ್ತುಗೀಸರ ಮೂಲಕ ಬಂದುದು. ಅಸದ್ ಬೇಗನು ಅದನ್ನು ವಿಜಾಪುರದಲ್ಲಿ ಕಂಡು ಅಕ್ಬರನ ಆಸ್ಥಾನಕ್ಕೆ ಒಯ್ದುದು 17ನೆಯ ಶತಮಾನದ ಆದಿಯಲ್ಲಿ. ಚರಕಸಂಹಿತೆಯ ಧೂಮಪಾನವಿಧಿಯಲ್ಲಿ ಹೊಗೆಸೊಪ್ಪನ್ನು ಊಹಿಸುವುದು ಎಷ್ಟು ಅಸಂಗತವೋ ಈ ಹೆಸರನ್ನು ಆ ಕಾಲಕ್ಕೆ ಒಯ್ಯುವುದೂ ಅಷ್ಟೇ ಅಸಂಗತವು. ಮರಾಠಿಯ ‘ದೇವನಳ’ವಾದರೋ ಟೊಳ್ಳು ಕಾಂಡವನ್ನು ಸೂಚಿಸುವ ಹೆಸರು.

ಶ್ವಾಸಕಾಸಗಳಿಗೆ ನಾಟಿವೈದ್ಯರು ಇದನ್ನು ಬಳಸುವುದುಂಟು. ಆದರೆ ಇದರಲ್ಲಿರುವ ಲೊಬೆಲೀನ್ ಎಂಬ ಸಸ್ಯಕ್ಷಾರವು ನಿಕೋಟಿನಿನಂತೆಯೇ ನರಗಳನ್ನು ತಾಕುವುದು. ಪ್ರಮಾಣ ಮೀರಿದರೆ ವಾಂತಿ, ಬೆವರು, ಸೆಳವುಗಳುಂಟಾಗಿ ಉಸಿರೇ ನಿಲ್ಲಬಹುದು. ಒಣಗಿದ ಗಿಡದ ಧೂಳು ಸಹ ಮೂಗುಗಂಟಲುಗಳನ್ನು ಉರಿಸುವುದು.

‘ಹೊಗೆಸೊಪ್ಪು’ ಎಂದೊಡನೆ ಸೇದಲೂ ಅಗಿಯಲೂ ತಕ್ಕುದೆಂಬ ಭ್ರಾಂತಿ ಹುಟ್ಟುವುದು ಸಹಜ. ಆದುದರಿಂದ ಕೋಶಕಾರರು ಇದಕ್ಕೆ ‘ಕಾಡಿನಲ್ಲಿ ಬೆಳೆಯುವ ಹೊಗೆಸೊಪ್ಪು’ ಎಂದು ಅರ್ಥ ಬರೆಯದೆ, ‘ಬೇರೊಂದು ಕುಲದ ವಿಷಸಸ್ಯ’ವೆಂದು ಸ್ಪಷ್ಟಪಡಿಸತಕ್ಕದ್ದು.