ಅಂಗಡಿಹಳ್ಳಿಯಿಂದ ಆಫ್ರಿಕಕ್ಕೆ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿಯುವ ಪ್ರವಾಸಿಗಳಲ್ಲಿ ಬಹುಮಂದಿಯ ಮನಸ್ಸು ಆಗಲೇ ಬೇಲೂರು ಹಳೇಬೀಡುಗಳನ್ನು ಸೇರಿರುತ್ತದೆ. ಊರಿನ ಸುತ್ತಲಿನ ತೆಂಗಿನ ತೋಟಗಳನ್ನಾಗಲಿ, ಕೊಬ್ಬರಿಯ ವ್ಯಾಪಾರವನ್ನಾಗಲಿ, ಊರೊಳಗೇ ಇರುವ ಹೊಯ್ಸಳರ ಕಾಲದ ಈಶ್ವರ ದೇವಾಲಯವನ್ನಾಗಲಿ ನೋಡುವಷ್ಟು ವ್ಯವಧಾನ ಅವರಿಗಿರುವುದಿಲ್ಲ. ಬಾಣಾವರ, ಜಾವಗಲ್ಲುಗಳನ್ನು ದಾಟಿ ಶಿಲಾಬಾಲಿಕೆಯರ ಎದುರು ನಿಂತರೆ ಬಂದ ಕೆಲಸ ಮುಗಿಯಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಲೋಕವೆಲ್ಲ ಬೇಲೂರಿಗೆ ಬರುತ್ತದೆಂಬುದು ಎಲ್ಲರೂ ಬಲ್ಲ ಮಾತು. ಅದೇ ಬೇಲೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಜನರು ಸಮುದ್ರ ದಾಟಿ ಆಫ್ರಿಕ ಖಂಡಕ್ಕೆ ದುಡಿಯಹೋಗುತ್ತಾರೆಂಬುದನ್ನು ಬಲ್ಲವರು ಕಡಮೆ. ಹಳ್ಳಿಯ ಹೆಸರು ಅಂಗಡಿಹಳ್ಳಿ. ಹೋಗುವವರು ಎಂಜಿನಿಯರುಗಳಲ್ಲ, ಡಾಕ್ಟರುಗಳಲ್ಲ. ಅವರು ಹಕ್ಕಿಪಿಕ್ಕಿಗಳು.

ಹಕ್ಕಿ ಹಿಡಿಯುವವರೆಂಬ ಕಸುಬೇ ಇವರಿಗೆ ಹೆಸರಾಗಿ ಅಂಟಿಕೊಂಡಿದೆ. ಮನೆಯೊಳಗೆ ಆಡುವ ಮಾತು ವಾಗ್ರಿ. ಅದು ಗುಜರಾತಿಯ ಬಂಧುಭಾಷೆ. ಉತ್ತರದಿಂದ ಎಂದೋ ಅಲೆಯುತ್ತ ಬಂದವರೆಂಬುದಕ್ಕೆ ಅದೊಂದೇ ಸಾಕ್ಷಿ ಸಾಕು. ಹೊರಗೆ ಕನ್ನಡವನ್ನೂ ವ್ಯಾಪಾರಕ್ಕೆ ಬೇಕಾದ ಇನ್ನೆರಡು ಮೂರು ಭಾಷೆಗಳನ್ನೂ ಸಲೀಸಾಗಿ ಆಡುತ್ತಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಇವರ ಸಂಖ್ಯೆ 11,892. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಇವರು ಮೈಸೂರು, ಹಾಸನ, ಶಿವಮೊಗ್ಗ, ದಾವಣಗೆರೆ, ಕೋಲಾರ ಮೊದಲಾದ ಜಿಲ್ಲೆಗಳಲ್ಲಿ ಚದುರಿದ್ದಾರೆ. ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆ ಗಂಡಿನ ಕಡೆಯವರೇ ತೆರ ಕೊಡಬೇಕೆಂಬುದು ಇವರ ಕಟ್ಟಳೆ. ವರದಕ್ಷಿಣೆಯ ಲೆಕ್ಕದಲ್ಲಿ ಬೇಯುವ ನಮ್ಮ ಪಟ್ಟಣದ ಮನೆಗಳು ಇದನ್ನು ಕೇಳಿ ಒಮ್ಮೆ ನಿಟ್ಟುಸಿರಿಡಬಹುದು!

ಮಕ್ಕಳಿಗೆ ಇವರು ಇಡುವ ಹೆಸರುಗಳ ಸಂಗತಿ ಹಲವು ಪತ್ರಿಕೆಗಳಲ್ಲಿ ಬಂದುದುಂಟು. ಕಾಫಿ, ಹೈಕೋರ್ಟ್, ಗೂಗಲ್ ಎಂಬ ಹೆಸರಿನವರು ಇವರಲ್ಲಿದ್ದಾರೆ. ಓದಿದವರು ನಕ್ಕಿರಬಹುದು. ಆದರೆ ಅಲೆಯುವವನು ಕಂಡದ್ದನ್ನು ನೆನಪಿಡಲು ಡೈರಿ ಬರೆಯುವುದಿಲ್ಲ, ಮಗನಿಗೆ ಹೆಸರಿಡುತ್ತಾನೆ.

ಬಲೆಯಿಂದ ಬೇರಿಗೆ

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಹಕ್ಕಿಗಳಿಗೂ ಮೃಗಗಳಿಗೂ ಅದು ಅಭಯವಾಯಿತು; ಬಲೆ ಬಿಟ್ಟು ಬೇರೇನನ್ನೂ ಅರಿಯದ ಜನಕ್ಕೆ ಕಸುಬೇ ಅಪರಾಧವಾಯಿತು. ಸರ್ಕಾರ ಕೆಲವೆಡೆ ಭೂಮಿ ಕೊಟ್ಟು ಕಾಲೊನಿಗಳಲ್ಲಿ ನೆಲೆಗೊಳಿಸಲು ಯತ್ನಿಸಿತು. ತಲೆಮಾರುಗಳಿಂದ ನೇಗಿಲು ಹಿಡಿಯದವರು ಮಳೆಯನ್ನೇ ನಂಬಿದ ತುಂಡು ನೆಲದಲ್ಲಿ ಎಷ್ಟು ಬೆಳೆದಾರು? ಜಾತ್ರೆಗಳಲ್ಲಿ, ಬಸ್ಸ್ಟ್ಯಾಂಡುಗಳಲ್ಲಿ ಬಾಚಣಿಗೆ, ಪಿನ್ನು, ಮಣಿಸರ, ಪ್ಲಾಸ್ಟಿಕ್ ಹೂಗಳನ್ನು ಮಾರುವುದು ಹೊಸ ಕಸುಬಾಯಿತು.

ಕಾಡು ಕೈಬಿಟ್ಟರೂ ಕಾಡಿನ ತಿಳಿವಳಿಕೆ ಕೈಯಲ್ಲೇ ಉಳಿದಿತ್ತು. ಯಾವ ಬೇರನ್ನು ಯಾವ ಎಣ್ಣೆಯಲ್ಲಿ ಕಾಯಿಸಬೇಕು, ಯಾವ ಸೊಪ್ಪು ಯಾವ ನೋವಿಗೆ ಎಂಬ ಆ ಅರಿವೇ ಕೊನೆಗೆ ಸರಕಾಯಿತು. ವ್ಯಾಪಾರಕ್ಕಾಗಿ ಸಿಂಗಪುರ, ಥೈಲ್ಯಾಂಡುಗಳ ಕಡೆ ಹೋದ ಕೆಲವರು ಆಫ್ರಿಕದಲ್ಲಿ ಗಿಡಮೂಲಿಕೆಯ ತೈಲಗಳಿಗೆ ಬೇಡಿಕೆಯಿರುವುದನ್ನು ಕಂಡುಕೊಂಡರಂತೆ. ಒಬ್ಬ ಹೋದ ದಾರಿಯಲ್ಲಿ ಅವನ ಭಾವಮೈದುನ ಹೋದ, ಅವನ ಹಿಂದೆ ಕೇರಿಯೇ ಹೊರಟಿತು. ಸುಮಾರು ಕಾಲು ಶತಮಾನದಿಂದ ಹೀಗೆ ನಡೆದುಬಂದಿದೆ.

ಹೋಗುವ ಕ್ರಮ ಸರಳವಾದುದು. ನಾಲ್ಕಾರು ಮಂದಿ ಗುಂಪಾಗುತ್ತಾರೆ, ಹೆಂಗಸರೂ ಜೊತೆಗಿರುತ್ತಾರೆ. ಪಾಸ್‌ಪೋರ್ಟು ಮಾಡಿಸಿ, ಮೂರು ತಿಂಗಳೋ ಆರು ತಿಂಗಳೋ ಅವಧಿಯ ವೀಸಾ ಪಡೆದು, ತೈಲ, ಚೂರ್ಣ, ಬೇರುಗಳನ್ನು ಗಂಟುಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ಡಾಕ್ಟರು ದೂರ, ಔಷಧಿ ದುಬಾರಿ ಎಂಬಂತಹ ಊರುಗಳಲ್ಲಿ ಬಾಡಿಗೆಗೆ ಕೋಣೆ ಹಿಡಿದು, ಬೀದಿ ಬೀದಿ ತಿರುಗಿ ಮಾರುತ್ತಾರೆ. ಇವರ ಔಷಧಿಗಳು ಎಷ್ಟು ಗುಣಕಾರಿ ಎಂಬುದು ಪ್ರಯೋಗಶಾಲೆಯಲ್ಲಿ ತೀರ್ಮಾನವಾಗಬೇಕಾದ ಮಾತು. ಮಾರುವವರ ಬಾಯಿಮಾತನ್ನೇ ಪ್ರಮಾಣವೆಂದು ಹಿಡಿಯುವಂತಿಲ್ಲ.

ಹಣದ ದಾರಿ ಅಷ್ಟು ಸರಳವಲ್ಲ. ವಿಮಾನದ ಟಿಕೆಟ್ಟಿಗೂ ಸರಕಿಗೂ ಬೇಕಾದ ಮೊತ್ತ ಕೂಲಿಯಿಂದ ಹುಟ್ಟುವುದಿಲ್ಲ. ಒತ್ತೆಯಿಡಲು ಆಸ್ತಿಯಿಲ್ಲದವನಿಗೆ ಬ್ಯಾಂಕು ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಬಡ್ಡಿ ಸಾಲ. ಯಾತ್ರೆ ಫಲಿಸಿದರೆ ಸಾಲ ತೀರಿ ನಾಲ್ಕು ಕಾಸು ಮಿಗುತ್ತದೆ. ಮಿಕ್ಕ ಹಣ ಮೊದಲು ಮನೆಗೆ, ಆಮೇಲೆ ಮದುವೆಗೆ, ಆಮೇಲೆ ಮಕ್ಕಳ ಶಾಲೆಗೆ. ಅರ್ಥಶಾಸ್ತ್ರಜ್ಞರಲ್ಲಿ ಕೆಲವರು ಇದನ್ನು ಕಂಡು ಮೂಗು ಮುರಿಯುವುದುಂಟು. ಪರದೇಶದ ಹಣ ಗೋಡೆಗೂ ಬಂಗಾರಕ್ಕೂ ಹೋಯಿತೇ ಹೊರತು ಕಾರ್ಖಾನೆಗೆ ಹೋಗಲಿಲ್ಲ, ಇದೆಂತಹ ಅಭಿವೃದ್ಧಿ ಎಂದು ಅವರು ಕೇಳುತ್ತಾರೆ. ಗುಡಾರದಲ್ಲಿ ಹುಟ್ಟಿದವನಿಗೆ ತಾರಸಿಯ ಮನೆ ಏನೆಂಬುದು ಆ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಗೋಡೆ ಕಟ್ಟಿದವನು ಊರ ಗಾರೆಯವನು, ಇಟ್ಟಿಗೆ ಮಾರಿದವನೂ ಊರವನೇ. ಅಷ್ಟರ ಮಟ್ಟಿಗೆ ಸುಡಾನಿನ ಹಣ ಬೇಲೂರಿನ ಸಂತೆಯಲ್ಲಿ ಕೈ ಬದಲಾಯಿಸುತ್ತದೆ.

ಎಲ್ ಫಾಶರಿನ ಕೋಣೆಗಳು

2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಕಾಳಗ ಹತ್ತಿತು. ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಲುಕಿದ್ದಾರೆಂಬ ಸುದ್ದಿ ಮೂರು ದಿನಗಳಲ್ಲಿ ರಾಜ್ಯವನ್ನು ಮುಟ್ಟಿತು. ಮೊದಲು ಕೇಳಿಬಂದ ಸಂಖ್ಯೆ 31. ವಿಧಾನಸಭಾ ಚುನಾವಣೆಯ ಕಾಲವಾದ್ದರಿಂದ ಸುದ್ದಿಯ ಹಿಂದೆಯೇ ರಾಜಕಾರಣಿಗಳ ವಾಗ್ವಾದವೂ ಬಂದಿತು. ಹಲವರು ಸಿಲುಕಿದ್ದು ಪಶ್ಚಿಮದ ದಾರ್ಫುರ್ ಸೀಮೆಯ ಎಲ್ ಫಾಶರ್ ಪಟ್ಟಣದಲ್ಲಿ. ಕಿಟಕಿಯಾಚೆ ಗುಂಡಿನ ಸದ್ದು, ಒಳಗೆ ಕಡಮೆಯಾಗುತ್ತಿದ್ದ ಅಕ್ಕಿ, ನೀರು. ಊರಿನ ಜೊತೆಗೆ ಉಳಿದ ಸಂಬಂಧವೆಂದರೆ ಮೊಬೈಲು ಫೋನು ಮಾತ್ರ.

ಏಪ್ರಿಲ್ 24ರಂದು ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ರಕ್ಷಣಾ ಕಾರ್ಯವನ್ನಾರಂಭಿಸಿತು. ಎಲ್ ಫಾಶರಿನಿಂದ ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನಿಗೆ ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಅಲ್ಲಿಂದ ನೌಕಾಪಡೆಯ ಹಡಗುಗಳು ಮತ್ತು ವಾಯುಪಡೆಯ ವಿಮಾನಗಳು ಜನರನ್ನು ಸೌದಿ ಅರೇಬಿಯದ ಜೆಡ್ಡಾಕ್ಕೆ ಮುಟ್ಟಿಸಿದವು. ಏಪ್ರಿಲ್ 28ರಂದು 362 ಮಂದಿಯನ್ನು ಹೊತ್ತ ವಿಮಾನ ಬೆಂಗಳೂರಿನಲ್ಲಿ ಇಳಿದಾಗ ಅದರಲ್ಲಿ ಹಕ್ಕಿಪಿಕ್ಕಿಗಳ ದೊಡ್ಡ ಗುಂಪೇ ಇತ್ತು. ಒಟ್ಟು 3,800ಕ್ಕೂ ಹೆಚ್ಚು ಭಾರತೀಯರು ಹೀಗೆ ಪಾರಾದರು.

ಜೀವ ಉಳಿಯಿತು. ಸರಕನ್ನು ಅಲ್ಲೇ ಬಿಟ್ಟು ಬಂದವರಿಗೆ ಸಾಲ ಮಾತ್ರ ಇಲ್ಲಿ ಕಾದಿತ್ತು. ವಿಮಾನ ನಿಲ್ದಾಣದಲ್ಲಿ ಹಾರ ಹಾಕಿದವರಾರೂ ಬಡ್ಡಿಯ ಮಾತೆತ್ತುವುದಿಲ್ಲ.

ಇದಕ್ಕೆ ಮೊದಲೇ ಒಂದು ಹೊಡೆತ ಬಿದ್ದಿತ್ತು. ಕೊರೋನಾ ಕಾಲದಲ್ಲಿ, 2020ರ ಮಾರ್ಚಿನಿಂದ 2022ರ ಮಾರ್ಚಿನವರೆಗೆ, ನಿಯತ ಅಂತರರಾಷ್ಟ್ರೀಯ ವಿಮಾನಗಳ ಸಂಚಾರವೇ ನಿಂತಿತ್ತು. ಎರಡು ವರ್ಷದ ಬರವನ್ನು ತುಂಬಿಕೊಳ್ಳಲು ಹೊರಟವರಿಗೆ ಸುಡಾನಿನ ಯುದ್ಧ ಎದುರಾಯಿತು.

ಪಟ್ಟಿಯಲ್ಲಿಲ್ಲದವರು

ಹೊರದೇಶದ ದುಡಿಮೆ ನಾಡನ್ನು ಮೇಲೆತ್ತುತ್ತದೆಯೇ ಎಂಬ ಪ್ರಶ್ನೆಗೆ ದೆಹಲಿಯಲ್ಲಿ ಸಿಕ್ಕುವ ಉತ್ತರ ಸಂತೋಷದ್ದು. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ ಪರದೇಶಗಳಲ್ಲಿರುವ ಭಾರತೀಯರು ಕಳುಹಿಸಿದ ಹಣ 2010-11ರಲ್ಲಿ 5,560 ಕೋಟಿ ಡಾಲರ್ ಇದ್ದದ್ದು 2023-24ರಲ್ಲಿ 11,870 ಕೋಟಿ ಡಾಲರಿಗೆ ಏರಿತು. 1973ರಲ್ಲಿ ಎಣ್ಣೆಯ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳು ಕಟ್ಟಡ ಕಟ್ಟತೊಡಗಿದ ಮೇಲೆ ಮಂಗಳೂರು, ಉಡುಪಿ, ಭಟ್ಕಳಗಳ ಚಹರೆ ಬದಲಾದುದನ್ನು ಕಣ್ಣಾರೆ ಕಂಡ ಕುಟುಂಬಗಳು ಎಷ್ಟೋ ಇವೆ. ನೆರೆಯ ಕೇರಳವಂತೂ 1996ರಲ್ಲಿಯೇ ಹೊರನಾಡಿಗರಿಗಾಗಿ ಪ್ರತ್ಯೇಕ ಇಲಾಖೆಯನ್ನು ತೆರೆದು, ಯಾರು ಎಲ್ಲಿದ್ದಾರೆ, ಎಷ್ಟು ಕಳುಹಿಸುತ್ತಾರೆ, ಎಷ್ಟು ಮಂದಿ ಮರಳಿದರು ಎಂಬುದನ್ನು ಮನೆ ಮನೆಯ ಸಮೀಕ್ಷೆಯಿಂದ ತಿಳಿದುಕೊಳ್ಳುವ ಪದ್ಧತಿಗೂ ನೆಲೆಯಾಯಿತು.

ಹಕ್ಕಿಪಿಕ್ಕಿ ಈ ಲೆಕ್ಕದೊಳಗೆ ಹಿಡಿಯುವುದಿಲ್ಲ. 1983ರ ವಲಸೆ ಕಾಯಿದೆಯ ಏರ್ಪಾಟು, ಹತ್ತನೆಯ ತರಗತಿ ದಾಟದವರು ಕೆಲವು ದೇಶಗಳಿಗೆ ಕೂಲಿಗೆ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕೆನ್ನುತ್ತದೆ. ಸುಡಾನ್ ಆ ದೇಶಗಳಲ್ಲೊಂದು. ಅನುಮತಿ ಪಡೆದು ಹೋಗುವವರಿಗೆ 2003ರಲ್ಲಿ ಆರಂಭವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ರಕ್ಷಣೆಯುಂಟು. ಆದರೆ ಅದೆಲ್ಲ ನೌಕರಿಗೆ ಹೋಗುವವರ ಮಾತು. ತೈಲದ ಗಂಟು ಹೊತ್ತವನಿಗೆ ಧಣಿಯಿಲ್ಲ, ಕರಾರಿಲ್ಲ. ಕಾಗದದ ಮೇಲೆ ಅವನು ಬೇಲೂರಿನ ಗುಡಿ ನೋಡಲು ಬರುವ ಪರದೇಶಿಯಂತೆಯೇ ಒಬ್ಬ ಪ್ರವಾಸಿ! ಆದ್ದರಿಂದ ಯುದ್ಧ ಹತ್ತಿದಾಗ ಎಷ್ಟು ಮಂದಿ ಎಲ್ಲೆಲ್ಲಿದ್ದಾರೆಂಬುದನ್ನು ಅವರ ಮನೆಯವರೇ ಹೇಳಬೇಕಾಯಿತು. ಒಂದು ಹಳ್ಳಿಯ ಬಡತನವನ್ನು ನೀಗುವ ಹೊರೆಯನ್ನು ಹಳ್ಳಿಯವರೇ ಬಡ್ಡಿ ಸಾಲದ ಮೇಲೆ ಹೊತ್ತಿದ್ದರು. ಅದು ಸರ್ಕಾರದ ಕಣ್ಣಿಗೆ ಬಿದ್ದುದು ಹೊರೆ ನೆಲಕ್ಕೆ ಬಿದ್ದಾಗ.

ಈಚೆಗೆ ಊರಲ್ಲೇ ಕೂತು ಗಳಿಸುವ ಹಾದಿಯೊಂದು ಕಾಣಿಸಿದೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿಗಳು ಕಾಯಿಸುವ ತಲೆಗೂದಲ ಎಣ್ಣೆ ‘ಆದಿವಾಸಿ ಹೇರ್ ಆಯಿಲ್’ ಎಂಬ ಹೆಸರಿನಲ್ಲಿ, ಮೊಬೈಲಿನ ಚಿತ್ರಗಳ ಮೂಲಕ ದೇಶಾದ್ಯಂತ ಮಾರಾಟವಾಗತೊಡಗಿತು. ಚಿತ್ರನಟರೂ ಬಂದು ಪ್ರಚಾರ ಮಾಡಿದರು. ಅಂಗಡಿಹಳ್ಳಿಯಲ್ಲಿಯೂ ಎಣ್ಣೆಯ ಕಡಾಯಿ ಒಲೆಯೇರಿದೆ. ಇದಕ್ಕೆ ವೀಸಾ ಬೇಡ, ಅಂಚೆಯ ಪೆಟ್ಟಿಗೆ ಸಾಕು. ಕೂದಲು ನಿಜವಾಗಿ ಬೆಳೆಯುತ್ತದೆಯೇ ಎಂಬ ಸಂದೇಹ ಇಲ್ಲಿಯೂ ತಪ್ಪಿದ್ದಲ್ಲ. ಹೆಸರು ಕದ್ದು ನಕಲು ಮಾರುವವರ ಕಾಟವೂ ತಪ್ಪಿದ್ದಲ್ಲ.

ಎಲ್ಲ ಮನೆಗಳಿಗೂ ಆ ಅದೃಷ್ಟ ಒಲಿದಿಲ್ಲ. ಸುಡಾನಿನ ಬಾಗಿಲು ಮುಚ್ಚಿದ ಮೇಲೆ ಆಫ್ರಿಕದ ಬೇರೆ ದೇಶಗಳ ಕಡೆಗೆ ಮತ್ತೆ ಗಂಟು ಕಟ್ಟಿದವರಿದ್ದಾರೆ. ಹಳೆಯ ಸಾಲ ತೀರಿಸಲು ಹೊಸ ಸಾಲ ಬೇಕು. ಹೊಸ ಸಾಲ ಹುಟ್ಟಬೇಕಾದರೆ ಕೈಯಲ್ಲಿ ವಿಮಾನದ ಟಿಕೆಟ್ಟಿರಬೇಕು.