ಕೆಂಡ ಹೊರುವ ದಿಂಡು

ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ನಮ್ಮ ದಾವಣಗೆರೆ, ಹಾವೇರಿ ಕಡೆ ಸಾಮಾನ್ಯವಾಗಿ ಒಲೆ ಸೇರುತ್ತದೆ. ಚೆನ್ನಾಗಿ ಒಣಗಿದ್ದರೆ ಭರ್ರನೆ ಉರಿಯುತ್ತದೆ. ಅಂಥದ್ದರ ಹೊಟ್ಟೆಯೊಳಗೇ ಕೆಂಡವಿಟ್ಟು ಹೊಗೆ ಸೇದುವ ಪೈಪು ಮಾಡುವ ಊರೊಂದಿದೆ: ಅಮೆರಿಕದ ಮಿಸೌರಿ ನದಿ ದಂಡೆಯ ವಾಷಿಂಗ್ಟನ್. ರಾಜಧಾನಿಯಲ್ಲ, ಅದೇ ಹೆಸರಿನ ಪುಟ್ಟ ಪೇಟೆ. ಅಲ್ಲಿ ಹೆನ್ರಿ ಟಿಬ್ಬೆ ಎಂಬ ಡಚ್ ಬಡಗಿ 1869ರಲ್ಲಿ ಈ ಕಸುಬು ಶುರುಮಾಡಿದ. ರೈತನೊಬ್ಬ ತಾನು ಕೆತ್ತಿದ ದಿಂಡಿನ ಪೈಪು ತಂದು, ಇದನ್ನು ಲೇತಿಗೆ ಕೊಟ್ಟು ನೋಡು ಅಂದನಂತೆ.

ಒಣ ದಿಂಡೊಂದನ್ನು ಅಡ್ಡಕ್ಕೆ ಕೊಯ್ದು ನೋಡಿ. ನಟ್ಟನಡುವೆ ಉಗುರಿಗೆ ಕುಸಿಯುವ ಬಿಳಿ ಬೆಂಡು. ಅದರ ಸುತ್ತ ಮರದಂತೆ ಗಟ್ಟಿಯಾದ ಉಂಗುರ. ಅದರಾಚೆ ಕಾಳು ಕೂತಿದ್ದ ಗುಳಿಗಳು, ಹೊಟ್ಟು. ಬೆಂಡು ಕೊರೆದು ತೆಗೆದರೆ ತಂಬಾಕು ತುಂಬುವ ಬಟ್ಟಲಿನ ಅರ್ಧ ಕೆಲಸ ಮುಗಿಯಿತು. ಗೋಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಗಾಳಿ ಸಿಕ್ಕಿಕೊಂಡಿರುವುದರಿಂದ ಒಳಗಿನ ಕಾವು ಕೈಗೆ ಬೇಗ ತಟ್ಟದು. ತಂಬಾಕು ಉರಿಯುವಾಗ ಏಳುವ ನೀರಾವಿಯನ್ನೂ ಅವೇ ಹೀರುತ್ತವೆ. ಹೊಗೆಯ ವಿಷ ಮಾತ್ರ ಯಥಾಪ್ರಕಾರ ಒಳಗೆ ಹೋಗುತ್ತದೆ ಅನ್ನಿ.

ಗೋಡೆ ಯಾಕೆ ಹೊತ್ತಿಕೊಳ್ಳದು? ಒಲೆಯಲ್ಲಿ ದಿಂಡಿಗೆ ಸುತ್ತಲಿಂದಲೂ ಗಾಳಿ. ಪೈಪಿನಲ್ಲಿ ಗಾಳಿ ಮೇಲಿಂದ ಕೆಂಡದ ಮೂಲಕವೇ ಇಳಿಯಬೇಕು. ಅದರ ಆಮ್ಲಜನಕವನ್ನು ಮೊದಲು ಕಬಳಿಸುವುದು ತಂಬಾಕು. ಗೋಡೆಗೆ ಉಳಿಯುವುದು ಕಡಿಮೆ. ಹಾಗಾಗಿ ಅದು ಉರಿಯುವ ಬದಲು ಒಳಮೈಯಲ್ಲಷ್ಟೇ ಕಪ್ಪಾಗುತ್ತದೆ. ಸೇದಿದಷ್ಟೂ ಇದ್ದಿಲಿನ ಪದರ ಕೂತು ಕವಚವಾಗುತ್ತದೆ. ಹೊರಮೈಯ ಗುಳಿಗಳಿಗೆ ಪ್ಲಾಸ್ಟರ್ ಮೆತ್ತಿ ನುಣುಪು ಮಾಡುವ ವಿಧಾನಕ್ಕೆ ಟಿಬ್ಬೆ 1878ರಲ್ಲಿ ಪೇಟೆಂಟ್ ಪಡೆದ. ಇಷ್ಟಾದರೂ ಆತುರಗಾರರು ಬಿಡದೆ ಎಳೆದರೆ ತಳ ಸುಟ್ಟು ತೂತಾಗುವುದುಂಟು.

ಟರ್ಕಿಯ ಹಗುರವಾದ, ರಂಧ್ರಭರಿತ ಮೀರ್‌ಶಾಮ್ ಕಲ್ಲಿನ ಪೈಪುಗಳು ಆಗ ಶ್ರೀಮಂತರ ಷೋಕಿ. ಟಿಬ್ಬೆ ತನ್ನ ದಿಂಡಿಗೂ ಆ ಹೆಸರನ್ನೇ ಅಂಟಿಸಿದ; 1907ರಲ್ಲಿ ಕಂಪನಿಯೇ ಮಿಸೌರಿ ಮೀರ್‌ಶಾಮ್ ಆಯಿತು. 1945ರ ಆಗಸ್ಟ್ 30ರಂದು ಸೋತ ಜಪಾನಿನ ಅತ್ಸುಗಿಯಲ್ಲಿ ವಿಮಾನದಿಂದ ಇಳಿದ ಅಮೆರಿಕದ ಸೇನಾನಿ ಜನರಲ್ ಮೆಕಾರ್ಥರ್ ಬಾಯಲ್ಲಿ ಇದ್ದದ್ದೂ ದಿಂಡಿನ ಪೈಪೇ.

ಪೈಪಿನವರ ಕಷ್ಟ ಬೇರೆ. ತಳಿವಿಜ್ಞಾನಿಗಳಿಗೆ ಬೇಕಾದದ್ದು ಕಾಳು. ಅವರು ಗೆದ್ದಂತೆಲ್ಲ ದಿಂಡು ಸಣಕಲಾಯಿತು. ಅದಕ್ಕೇ ಕಂಪನಿ ದಪ್ಪ ದಿಂಡಿನ ತಳಿಯನ್ನು ತಾನೇ ಬೆಳೆಸಿಕೊಳ್ಳುತ್ತದೆ. ಅಲ್ಲಿ ಕಾಳು ಉಪ ಉತ್ಪನ್ನ. ದಿಂಡನ್ನು ಕೊರೆಯುವ ಮುನ್ನ ಸುಮಾರು ಎರಡು ವರ್ಷ ಒಣಗಲು ಬಿಡುತ್ತಾರೆ.