ಕಾಲು ಹಿಡಿಯುವವರ ಗುರು

ಆಫೀಸಿನಲ್ಲಿ 'ಕಾಲು ಹಿಡಿದ' ಅಂದ್ರೆ ಅರ್ಥವೇ ಬೇರೆ. ನನಗೆ ಅದು ಕಬಡ್ಡಿ. ನಾಯಕನಹಟ್ಟಿಯಿಂದ ಕಾಲೇಜಿಗೆ ಹೋಗುತ್ತಿದ್ದಾಗ ನಾನು ಟೀಮಿನ ಲೆಫ್ಟ್ ಕಾರ್ನರ್. ರೈಡರ್‌ಗೆ ಶಿಳ್ಳೆ, ಚಪ್ಪಾಳೆ. ನನಗೆ ಮೊಣಕೈ ತುಂಬ ಗಾಯ.

"ನೀನೇ ನುಗ್ಗಬೇಡ ಕಣೋ, ಅವನು ಬೋನಸ್‌ಗೆ ಕಾಲು ಚಾಚೋವರೆಗೂ ಕಾಯಿ" ಅಂತ ಪಿಟಿ ಮೇಷ್ಟ್ರು ದಿನಾ ಕೂಗೋರು. ಅಂತರ ಕಾಲೇಜು ಪಂದ್ಯದ ಕೊನೇ ರೈಡ್‌ನಲ್ಲಿ ನಾನು ಕಾಯಲಿಲ್ಲ. ಒಂದೇ ಅಂಕದಿಂದ ಸೋತೆವು. ಮೇಷ್ಟ್ರು ಬೈಯಲೂ ಇಲ್ಲ, ಅದೇ ಈಗಲೂ ಚುಚ್ಚುತ್ತೆ.

ಅದಕ್ಕೇ ಇರಬೇಕು, ಪ್ರೊ ಕಬಡ್ಡಿಯಲ್ಲಿ ನಾನು ರೈಡರ್‌ಗಿಂತ ಹೆಚ್ಚಾಗಿ ಗೆರೆಯಾಚೆ ನಿಂತ ಕೋಚ್‌ನ ನೋಡ್ತೀನಿ. ಬಿ.ಸಿ. ರಮೇಶ್ ನಮ್ಮ ಕರ್ನಾಟಕದವರು. 2001ರ ಅರ್ಜುನ ಪ್ರಶಸ್ತಿ, 2002ರ ಬೂಸಾನ್ ಏಷ್ಯನ್ ಗೇಮ್ಸ್ ಚಿನ್ನ ಎರಡೂ ಅವರ ಹೆಸರಲ್ಲಿವೆ. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಮೊದಲ ಕಪ್ ಗೆಲ್ಲಿಸಿಕೊಟ್ಟರು.

ಪುಣೇರಿ ಫೈನಲ್ ಗೆದ್ದಿದ್ದು 28-25ರಲ್ಲಿ. ಇಷ್ಟು ಕಮ್ಮಿ ಅಂಕ ಅಂದ್ರೆ ಅದು ಹಿಡಿಯುವವರ ಮ್ಯಾಚು. ಆ ಸೀಸನ್‌ನಲ್ಲಿ ಅತಿ ಹೆಚ್ಚು ಟ್ಯಾಕಲ್ ಅಂಕ ಪಡೆದ ಇರಾನಿನ ಶಾದ್ಲೂಯಿ ಇವರ ಹುಡುಗನೇ.

ಅವತ್ತು ಮಾರ್ಚ್ 1. ಪಿಜಿಯಲ್ಲಿ ಮೊಬೈಲ್ ಹಿಡಿದು ಮ್ಯಾಚ್ ಮುಗಿಸಿ ಮೇಷ್ಟ್ರಿಗೆ ಫೋನ್ ಮಾಡಿದೆ.

"ಸಾರ್, ಅವತ್ತು ನಾನು ಕಾಯಬೇಕಿತ್ತು."

"ಈಗ ಹೇಳ್ತಿದ್ಯಾ?" ನಕ್ಕರು. "ತಿಪ್ಪೇಸ್ವಾಮಿ ತೇರಿಗೆ ಬರ್ತೀಯಲ್ಲ, ಬೆಳಿಗ್ಗೆ ಗ್ರೌಂಡಿಗೆ ಬಾ. ಈ ವರ್ಷದ ಲೆಫ್ಟ್ ಕಾರ್ನರ್ ನಿನ್ನ ಥರಾನೇ ಆತುರಗಾರ."